ಕರಾವಳಿಯ ಮನೆಯೊಳಗೆ ಬಣ್ಣ ಬಳಿಯುವ ಕ್ರಮ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಒಳಗೋಡೆಯ ಬಣ್ಣ ಎರಡು ಮೂರು ವರ್ಷಕ್ಕೇ ಉಬ್ಬಿ, ಸಿಪ್ಪೆಯೆದ್ದು ಉದುರತೊಡಗಿದಾಗ ದೂರು ಬಣ್ಣದ ಕಂಪನಿಯ ಮೇಲೋ ಬಳಿದವರ ಮೇಲೋ ಹೋಗುತ್ತದೆ. ಹೆಚ್ಚಿನ ಕಡೆ ಕೇಡಿನ ಮೂಲ ಗೋಡೆಯೊಳಗಿನ ನೀರು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುವ ಈ ಸೀಮೆಯಲ್ಲಿ, ತೂತುತೂತಾದ ಕೆಂಪುಕಲ್ಲಿನ ಗೋಡೆ ಮಳೆಗಾಲವಿಡೀ ನೀರು ಹೀರಿಕೊಂಡು, ಆಮೇಲೆ ತಿಂಗಳುಗಟ್ಟಲೆ ಅದನ್ನು ಹೊರಗೆ ಬಿಡುತ್ತಿರುತ್ತದೆ. ಹೊರಬರುವ ದಾರಿಯಲ್ಲಿ ಬಣ್ಣದ ಬಿಗಿಯಾದ ಪದರ ಅಡ್ಡ ನಿಂತರೆ, ಆ ತೇವ ಪದರವನ್ನೇ ತಳ್ಳಿಕೊಂಡು ಬರುತ್ತದೆ. ಹಾಗಾಗಿ ಇಲ್ಲಿ ಕೋಣೆಗೆ ಬಣ್ಣ ಬಳಿಯುವ ಕೆಲಸದಲ್ಲಿ ಬಣ್ಣದ ಅಂಗಡಿಗೆ ಹೋಗುವುದು ಕೊನೆಯ ಹಂತಗಳಲ್ಲಿ ಒಂದು. ಅದಕ್ಕೆ ಮೊದಲು ನೀರು ಎಲ್ಲಿಂದ ಬರುತ್ತಿದೆ, ಗೋಡೆ ನಿಜಕ್ಕೂ ಒಣಗಿದೆಯೇ ಎಂಬುದನ್ನು ತಿಳಿದುಕೊಳ್ಳಬೇಕು.

ಯಾವಾಗ ಬಳಿಯಬೇಕು

ಚೌತಿಗೆ ಮುನ್ನ, ನವರಾತ್ರಿಗೆ ಮುನ್ನ, ದೀಪಾವಳಿಗೆ ಮುನ್ನ ಮನೆ ಹೊಸದಾಗಿ ಕಾಣಬೇಕೆಂಬ ಆಸೆ ಸಹಜವಾದದ್ದೇ. ಆದರೆ ಕರಾವಳಿಯ ಗೋಡೆಯ ಮಟ್ಟಿಗೆ ವರ್ಷದಲ್ಲಿ ಅದರಷ್ಟು ಕೆಟ್ಟ ಸಮಯ ಇನ್ನೊಂದಿಲ್ಲ. ಸೆಪ್ಟೆಂಬರ್ ಕೊನೆಗೆ ಮುಂಗಾರಿನ ಬಿರುಸು ತಗ್ಗಿದರೂ ಅಕ್ಟೋಬರ್‌ನಲ್ಲಿ ಸಂಜೆ ಹೊತ್ತು ಗುಡುಗು ಮಳೆ ಬರುತ್ತಲೇ ಇರುತ್ತದೆ; ಗೋಡೆಯ ಮೇಲ್ಮೈ ಮುಟ್ಟಿದರೆ ಒಣಗಿದಂತೆ ತೋರುತ್ತದೆಯೇ ಹೊರತು ಒಳಗೆ ಪಸೆ ಹಾಗೆಯೇ ಇರುತ್ತದೆ. ಡಿಸೆಂಬರ್ ಎರಡನೆಯ ವಾರದಿಂದ ಮಾರ್ಚ್ ಕೊನೆಯವರೆಗಿನ ಅವಧಿಯೇ ಈ ಕೆಲಸಕ್ಕೆ ತಕ್ಕ ಕಾಲ. ಆಗ ಹಗಲು ಒಣಹವೆ ಇರುತ್ತದೆ, ಬೆಳಗ್ಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ, ಬಳಿದ ಬಣ್ಣ ಹೇಳಿದ ಹೊತ್ತಿಗೆ ಒಣಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆಯ ಜೊತೆಗೆ ಗಾಳಿಯ ತೇವವೂ ಏರುವುದರಿಂದ ಒಣಗಲು ಹೆಚ್ಚು ಸಮಯ ಕೊಡಬೇಕಾಗುತ್ತದೆ, ಆದರೂ ಕೆಲಸ ಮಾಡಬಹುದು. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆ, ಅಂದರೆ ಮೇ 24, 25ರ ಸುಮಾರು, ಬಣ್ಣದ ಕೆಲಸಕ್ಕೂ ಗಡಿ ಎಂದು ಇಟ್ಟುಕೊಂಡರೆ ನಷ್ಟವಿಲ್ಲ. ಹಬ್ಬಕ್ಕೆ ಮನೆ ಚೊಕ್ಕಟವಾಗಿ ಕಾಣಲೇಬೇಕೆಂದರೆ ಆ ಹೊತ್ತಿಗೆ ಗೋಡೆ ಒರೆಸಿ, ಬಾಗಿಲ ಚೌಕಟ್ಟಿಗೆ ಮಾತ್ರ ಬಣ್ಣ ಕೊಟ್ಟು, ಗೋಡೆಯ ಕೆಲಸವನ್ನು ಮಕರ ಸಂಕ್ರಾಂತಿಯ ಆಚೆಗೆ ಇಟ್ಟುಕೊಳ್ಳುವುದು ಲೇಸು.

ಹೊಸದಾಗಿ ಸಾರಣೆ ಮಾಡಿದ ಗೋಡೆಗೆ ಇನ್ನೂ ಒಂದು ಲೆಕ್ಕವಿದೆ. ಸಿಮೆಂಟಿನ ಸಾರಣೆ ಕನಿಷ್ಠ 28 ದಿನ ಕಾಯಬೇಕೆಂಬುದು ಎಲ್ಲರೂ ಹೇಳುವ ಮಾತು. ಅದು ಸಿಮೆಂಟು ಗಟ್ಟಿಯಾಗುವ ಲೆಕ್ಕವಾಯಿತು, ಗೋಡೆ ಒಣಗುವ ಲೆಕ್ಕ ಬೇರೆ. ಹಸಿ ಸಿಮೆಂಟಿನಲ್ಲಿ ಕ್ಷಾರ ಬಹಳ ತೀಕ್ಷ್ಣವಾಗಿರುತ್ತದೆ. ಅದು ತೇವದೊಂದಿಗೆ ಮೇಲಕ್ಕೆ ಬಂದು ಎಣ್ಣೆ ಮೂಲದ ಪ್ರೈಮರನ್ನು (ಬಣ್ಣಕ್ಕೆ ಮುನ್ನ ಹಚ್ಚುವ ತಳಪದರ), ಎನಾಮೆಲ್ಲನ್ನು ಸಾಬೂನಿನಂತಹ ಜಿಗುಟಾಗಿ ಮಾರ್ಪಡಿಸಿ ಕೆಡಿಸುತ್ತದೆ. ಆದ್ದರಿಂದ ಹೊಸ ಮನೆಯವರು ಗೃಹಪ್ರವೇಶಕ್ಕೆ ಒಳಗಡೆ ಪ್ರೈಮರ್ ಮತ್ತು ತೆಳುವಾದ ಒಂದು ಕೋಟ್ ಅಗ್ಗದ ಬಣ್ಣ ಮಾತ್ರ ಕೊಟ್ಟು, ಒಂದು ಮಳೆಗಾಲ ಕಳೆದು ಗೋಡೆಯ ಗುಣ ತಿಳಿದ ಮೇಲೆ, ಮುಂದಿನ ಬೇಸಗೆಯಲ್ಲಿ ಗೋಡೆಯನ್ನು ನಯಗೊಳಿಸುವ ಪುಟ್ಟಿ ಹಾಕಿ ಒಳ್ಳೆಯ ಬಣ್ಣ ಬಳಿಸುವುದು ಜಾಣತನ. ಬೆಲೆಬಾಳುವ ಬಣ್ಣವನ್ನು ಹಸಿ ಗೋಡೆಗೆ ಕೊಡುವ ಅವಸರ ಯಾವ ಮುಹೂರ್ತಕ್ಕೂ ಬೇಡ.

ನೀರು ಎಲ್ಲಿಂದ ಬರುತ್ತಿದೆ

ಗೋಡೆಯ ಕಲೆಯನ್ನು ಓದಲು ಬಂದರೆ ಅರ್ಧ ಕೆಲಸ ಆದಂತೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬಣ್ಣ ಕೆಟ್ಟಿದ್ದರೆ ನೀರು ಅಡಿಪಾಯದಿಂದ ಮೇಲಕ್ಕೆ ಏರುತ್ತಿದೆ ಎಂದರ್ಥ. ಹೊರಗೆ ಅಂಗಳದ ಮಣ್ಣು ಪಂಚಾಂಗದ (ಗೋಡೆಯ ಬುಡದ ಕಟ್ಟೆಯ) ಮಟ್ಟಕ್ಕಿಂತ ಮೇಲೆ ಬಂದಿದೆಯೇ, ಗೋಡೆಗೆ ತಾಗಿಸಿ ಹೂಗಿಡದ ಪಾತಿ ಮಾಡಿದ್ದಾರೆಯೇ, ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸುವಾಗ ಮಳೆನೀರಿನ ತೋಡು ಮುಚ್ಚಿಹೋಗಿದೆಯೇ ಎಂದು ನೋಡಬೇಕು. ಮಣ್ಣನ್ನು ಅರ್ಧ ಅಡಿ ತಗ್ಗಿಸಿ ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಿದರೆ ಸಾಕಾಗುವ ಮನೆಗಳೂ ಇವೆ.

ಪಡುವಣ ಅಥವಾ ತೆಂಕು-ಪಡುವಣ ಮೂಲೆಯ ಗೋಡೆಯ ನಡುಭಾಗದಲ್ಲಿ, ಕಿಟಕಿಯ ಮೂಲೆಗಳಲ್ಲಿ ಆಷಾಢದಲ್ಲಿ ಮಾತ್ರ ಕಲೆ ಮೂಡಿ ಬೇಸಗೆಯಲ್ಲಿ ಮಾಸಿಹೋಗುವುದಾದರೆ ಅದು ಇರಿಚಲಿನ ನೀರು. ಮುಂಗಾರಿನ ಗಾಳಿ ಮಳೆಯನ್ನು ಆ ದಿಕ್ಕಿನ ಗೋಡೆಗೆ ನೇರವಾಗಿ ಹೊಡೆಯುತ್ತದೆ. ಹಿಂದೆ ಇದೇ ಕಾರಣಕ್ಕೆ ಮಳೆಗಾಲಕ್ಕೆ ಮುನ್ನ ಜಗಲಿಯ ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಹಂಚಿನ ಮಾಡನ್ನು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಇಳಿಸುತ್ತಿದ್ದರು. ಪೆಟ್ಟಿಗೆಯಾಕಾರದ ಈಗಿನ ತಾರಸಿ ಮನೆಗಳಿಗೆ ಆ ರಕ್ಷಣೆ ಇಲ್ಲ. ಇಲ್ಲಿ ಚಿಕಿತ್ಸೆ ಹೊರಗಿನಿಂದಲೇ ಆಗಬೇಕು: ಹೊರಗೋಡೆಯ ಬಿರುಕುಗಳನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಸ್ವಲ್ಪ ಅಗಲಿಸಿ, ಹುಡಿ ತೆಗೆದು, ಬಿರುಕು ತುಂಬುವ ಪೇಸ್ಟಿನಿಂದ ಮುಚ್ಚಿ, ಹೊರಗಿನ ಬಣ್ಣದ ಪದರವನ್ನು ಸರಿಪಡಿಸಬೇಕು, ಕಿಟಕಿಯ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದನ್ನು ಸೀಲಂಟ್‌ನಿಂದ ತುಂಬಬೇಕು, ಸನ್‌ಶೇಡಿನ ಮೇಲ್ಮೈ ಗೋಡೆಯ ಕಡೆಗೆ ಇಳಿಜಾರಾಗಿದ್ದರೆ ಅದನ್ನು ಹೊರಕ್ಕೆ ತಿರುಗಿಸಬೇಕು.

ಚಾವಣಿಯಲ್ಲಿ ಕಂದು ಅಂಚಿನ ವೃತ್ತಗಳು ಕಂಡರೆ ತಾರಸಿಯ ಸೋರಿಕೆಯೆಂದು ತಿಳಿಯಬೇಕು. ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುವುದು ನಮ್ಮ ಕಡೆ ಸಾಮಾನ್ಯವಾಗಿರುವುದು ಸುಮ್ಮನೆ ಅಲ್ಲ. ಬಚ್ಚಲುಕೋಣೆಯ ಆಚೆಬದಿಯ ಗೋಡೆ ಮಾರ್ಚ್ ತಿಂಗಳಲ್ಲೂ ತೇವವಾಗಿದ್ದರೆ ಮಳೆಗೂ ಅದಕ್ಕೂ ಸಂಬಂಧವಿಲ್ಲ, ಗೋಡೆಯೊಳಗಿನ ಪೈಪು ಅಥವಾ ಟೈಲ್ಸಿನ ಸಂದು ಬಿಟ್ಟಿದೆ. ಪ್ಲಂಬರ್ ಬಂದು ಹೋದ ಮೇಲೆಯೇ ಬಣ್ಣದ ಮಾತು.

ಅನುಮಾನ ಉಳಿದರೆ ಸುಲಭದ ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚನ್ನು ಅಗಲದ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಬದಿಯಲ್ಲಿ ನೀರಿನ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿದೆ. ಕೋಣೆಯ ಕಡೆಯ ಬದಿಯಲ್ಲಿ ಹನಿ ಇದ್ದರೆ ಅದು ಗಾಳಿಯ ತೇವ. ಮೊದಲನೆಯದಾದರೆ ಕೆಲಸ ಮುಂದೂಡಬೇಕು, ಎರಡನೆಯದಾದರೆ ಕೋಣೆಗೆ ಗಾಳಿಯಾಡುವ ವ್ಯವಸ್ಥೆ ಮಾಡಬೇಕು.

ಗೋಡೆಯ ಮೇಲೆ ಬಿಳಿ ಹುಡಿ ಅರಳಿ ನಿಲ್ಲುವುದು ಉಪ್ಪಿನಂಶದಿಂದ. ಕೆಂಪುಕಲ್ಲು, ಸಿಮೆಂಟು, ಹೊಯಿಗೆ (ಮರಳು) ಇವುಗಳಲ್ಲಿರುವ ಲವಣಗಳು ನೀರಿನಲ್ಲಿ ಕರಗಿ ಮೇಲೆ ಬಂದು, ನೀರು ಆರಿದ ಮೇಲೆ ಅಲ್ಲಿಯೇ ಉಳಿಯುತ್ತವೆ. ಅಳಿವೆಯ ಹತ್ತಿರದ ಉಪ್ಪುಹೊಯಿಗೆಯಲ್ಲಿ ಸಾರಣೆ ಮಾಡಿದ್ದರೆ ಈ ಕಾಟ ಇನ್ನೂ ಹೆಚ್ಚು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ಪುನಃ ಗೋಡೆಯೊಳಗೆ ಸೇರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ಉದುರಿಸಿ, ಬಿದ್ದ ಹುಡಿಯನ್ನು ಗುಡಿಸಿ ಮನೆಯಿಂದ ಹೊರಗೆ ಹಾಕಬೇಕು. ವಾರ ಬಿಟ್ಟು ಇನ್ನೊಮ್ಮೆ ನೋಡಿ, ಬಂದಿದ್ದರೆ ಮತ್ತೆ ಉಜ್ಜಬೇಕು. ಸಾರಣೆಯೇ ಹುಡಿಯಾಗಿ ಬೆರಳಿಗೆ ಬರುತ್ತಿದ್ದರೆ ಕಲೆಯ ಮಟ್ಟಕ್ಕಿಂತ ಒಂದಡಿ ಮೇಲಿನವರೆಗೂ ಅದನ್ನು ಕಿತ್ತು, ಹೊಸ ಸಾರಣೆ ಮಾಡಿಸಿ, ಒಣಗಲು ಸಾಕಷ್ಟು ಕಾಲ ಬಿಡುವುದೇ ದಾರಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತೇವ ಬರುವ ಗೋಡೆಗೆ ಒಳಗಡೆಯಿಂದ ವಾಟರ್‌ಪ್ರೂಫ್ ಬಳಿದರೆ ಸಾಕು ಎಂಬ ಸಲಹೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಹೊರಗಿನಿಂದ ನೀರು ಬರುತ್ತಲೇ ಇರುವಾಗ ಒಳಬದಿಯನ್ನು ಬಿಗಿದರೆ ನೀರು ಗೋಡೆಯೊಳಗೇ ನಿಂತು ಇನ್ನೂ ಮೇಲಕ್ಕೆ ಏರುತ್ತದೆ ಅಥವಾ ಪಕ್ಕದ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೂಲವನ್ನು ಹೊರಗಿನಿಂದ ಮುಟ್ಟಲು ಸಾಧ್ಯವೇ ಇಲ್ಲದ ಫ್ಲ್ಯಾಟಿನಂತಹ ಕಡೆ ಮಾತ್ರ ಅದು ಕೊನೆಯ ಉಪಾಯ.

ಸುಣ್ಣವೋ ಎಮಲ್ಷನ್ನೋ

ಹಳೆಯ ಹಂಚಿನ ಮನೆಗಳಲ್ಲಿ ಕೆಂಪುಕಲ್ಲಿನ ಮೇಲೆ ಮಣ್ಣಿನ ಅಥವಾ ಸುಣ್ಣದ ಸಾರಣೆ ಇರುತ್ತದೆ. ಅಂತಹ ಗೋಡೆಗೆ ಸುಣ್ಣವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸುಣ್ಣದ ಪದರದ ಮೂಲಕ ತೇವ ಆವಿಯಾಗಿ ಹೊರಗೆ ಹೋಗುತ್ತದೆ, ಅದರ ಕ್ಷಾರಗುಣದಿಂದ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಕೆಟ್ಟರೂ ಸಿಪ್ಪೆಯೇಳದೆ ಮಾಸುತ್ತದೆ ಅಷ್ಟೆ. ಅದೇ ಗೋಡೆಗೆ ಸಿಮೆಂಟಿನ ಪುಟ್ಟಿ ಹಾಕಿ ಹೊಳಪಿನ ಎಮಲ್ಷನ್ (ನೀರು ಮೂಲದ ಪ್ಲಾಸ್ಟಿಕ್ ಬಣ್ಣ) ಬಳಿದರೆ ಕೆಲವು ಮಳೆಗಾಲಗಳಲ್ಲಿ ಪುಟ್ಟಿ, ಬಣ್ಣ, ಸಾರಣೆ ಮೂರೂ ಹಾಳೆಹಾಳೆಯಾಗಿ ಎದ್ದು ಬರುವುದನ್ನು ಊರಿನ ಅನೇಕ ಮನೆಗಳಲ್ಲಿ ನೋಡಬಹುದು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿಯವರು ಶತಮಾನಕ್ಕೂ ಹಿಂದೆ ಬರೆದ ಗೋಡೆಚಿತ್ರಗಳು ಹಸಿ ಸುಣ್ಣದ ಸಾರಣೆಯ ಮೇಲಿನವು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಿನ ಗುಣಕ್ಕೆ ಮರಳುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಮನೆಯ ಗೋಡೆಗೆ ಬಳಿದ ಸುಣ್ಣದಲ್ಲಿ ನಡೆಯುವುದೂ ಅದೇ ಕ್ರಿಯೆ.

ಚಿಪ್ಪು ಸುಟ್ಟು ಮಾಡಿದ ಸುಣ್ಣ ಸಿಕ್ಕರೆ ಉತ್ತಮ. ನೀರು ಹಾಕಿ ಅರಳಿಸುವಾಗ ಅದು ಕುದಿದು ಸಿಡಿಯುವುದರಿಂದ ಮಕ್ಕಳನ್ನು ದೂರವಿಟ್ಟು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು. ಪ್ಲಾಸ್ಟಿಕ್ ಬಕೆಟಿನ ಬದಲು ಕಬ್ಬಿಣದ ಅಥವಾ ಮಣ್ಣಿನ ಪಾತ್ರೆ ಬಳಸಬೇಕು. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರಿನ ಲೆಕ್ಕದಲ್ಲಿ ಕದಡಿ, ಒಂದು ದಿನವಾದರೂ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಸೇರಿಸಬೇಕು. ನೀರುಮಜ್ಜಿಗೆಯಷ್ಟು ತೆಳುವಾಗಿರಬೇಕು, ದಪ್ಪಗೆ ಬಳಿದರೆ ಒಂದೇ ಸಲಕ್ಕೆ ಬೆಳ್ಳಗಾಗುತ್ತದೆ, ಆದರೆ ಒರಗಿದವರ ಬೆನ್ನಿಗೆಲ್ಲ ಹಿಡಿಯುತ್ತದೆ. ಗೋಡೆಗೆ ಮೊದಲು ನೀರು ಚಿಮುಕಿಸಿ, ತೆಳುವಾಗಿ ಮೂರು ಸಲ, ಒಂದು ಆರಿದ ಮೇಲೆ ಇನ್ನೊಂದರಂತೆ ಬಳಿಯಬೇಕು. ಹಚ್ಚುವಾಗ ಬಣ್ಣ ಮಂಕಾಗಿ ಕಾಣುತ್ತದೆ, ಒಣಗಿದ ಮೇಲೆಯೇ ಬೆಳ್ಳಗಾಗುವುದು. ಬಣ್ಣ ಬೇಕೆಂದರೆ ಸುಣ್ಣದ ಕ್ಷಾರಕ್ಕೆ ಕೆಡದ ಕಾವಿ, ಹಳದಿ ಮಣ್ಣಿನಂತಹ ಬಣ್ಣಗಳನ್ನೇ ಸೇರಿಸಬೇಕು.

ಸಿಮೆಂಟು ಸಾರಣೆಯ ಗೋಡೆಗೆ ಒಳಗಡೆ ನೀರು ಮೂಲದ ಆಕ್ರಿಲಿಕ್ ಎಮಲ್ಷನ್ ಸಾಮಾನ್ಯ ಆಯ್ಕೆ. ಡಿಸ್ಟೆಂಪರ್ ಅಗ್ಗ, ಆದರೆ ಮಳೆಗಾಲದ ತೇವಕ್ಕೆ ಹುಡಿಯಾಗುತ್ತದೆ, ಒದ್ದೆ ಬಟ್ಟೆ ತಾಳುವುದಿಲ್ಲ; ಬಾಡಿಗೆ ಮನೆಗೆ, ಉಗ್ರಾಣಕ್ಕೆ ಸಾಕು. ಎಮಲ್ಷನ್ನಿನಲ್ಲಿ ಹೊಳಪಿಲ್ಲದ ಮ್ಯಾಟ್ ಬಗೆ ಗೋಡೆಯ ಉಬ್ಬುತಗ್ಗನ್ನು ಮರೆಸುತ್ತದೆ. ಕೆಂಪುಕಲ್ಲಿನ ಗೋಡೆಯ ಸಾರಣೆ ಎಂದೂ ಕನ್ನಡಿಯ ಹಾಗೆ ಸಮವಾಗಿರುವುದಿಲ್ಲವಾದ್ದರಿಂದ ಹೊಳಪಿನ ಬಣ್ಣ ಬಳಿದರೆ ಕಿಟಕಿಯ ಅಡ್ಡಬೆಳಕಿನಲ್ಲಿ ಪ್ರತಿಯೊಂದು ಏರಿಳಿತವೂ ಎದ್ದು ಕಾಣುತ್ತದೆ. ಹೊಳಪನ್ನು ಅಡುಗೆಮನೆಗೆ, ಮಕ್ಕಳ ಕೈ ತಾಗುವ ಓಣಿಗೆ ಮೀಸಲಿಡಬಹುದು. ಬಣ್ಣದ ಛಾಯೆಯನ್ನು ಅಂಗಡಿಯ ಕಾರ್ಡಿನಲ್ಲಿ ನೋಡಿ ತೀರ್ಮಾನಿಸದೆ ಒಂದು ಚಿಕ್ಕ ಡಬ್ಬಿ ತಂದು ಗೋಡೆಯ ಮೇಲೆ ಎರಡಡಿ ಚೌಕಕ್ಕೆ ಬಳಿದು, ಬೆಳಗ್ಗೆ ಒಮ್ಮೆ, ರಾತ್ರಿ ದೀಪದ ಬೆಳಕಿನಲ್ಲಿ ಒಮ್ಮೆ ನೋಡಬೇಕು. ಇಳಿಮಾಡಿನ ಮನೆಗಳ ಕೋಣೆಗಳು ಮೊದಲೇ ಕತ್ತಲೆ. ಮಳೆಗಾಲದ ಮೋಡದಲ್ಲಿ ಗಾಢ ಬಣ್ಣ ಅವನ್ನು ಇನ್ನೂ ಕತ್ತಲೆ ಮಾಡುತ್ತದೆ. ಹಾಗೆಂದು ಅಚ್ಚ ಬಿಳಿಯೂ ಬೇಡ, ಕೆಮ್ಮಣ್ಣಿನ ಹುಡಿ ಅದರಲ್ಲಿ ತಕ್ಷಣ ಕಾಣುತ್ತದೆ. ಕೆನೆಬಣ್ಣ, ತಿಳಿ ಹಳದಿ, ತಿಳಿ ಬೂದು ಒಗ್ಗುತ್ತವೆ.

ಎಷ್ಟು ತರಬೇಕು

10 ಅಡಿ, 12 ಅಡಿ ಅಳತೆಯ, 10 ಅಡಿ ಎತ್ತರದ ಕೋಣೆಯೊಂದರ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಒಂದು ಬಾಗಿಲಿಗೆ 21, ನಾಲ್ಕಡಿ ಚೌಕದ ಎರಡು ಕಿಟಕಿಗೆ 32 ಕಳೆದರೆ 387 ಉಳಿಯುತ್ತದೆ. ಚಾವಣಿ 120 ಬೇರೆ. ಡಬ್ಬಿಯ ಮೇಲೆ ಬರೆದಿರುವ ವ್ಯಾಪ್ತಿ ನಯವಾದ, ಬಣ್ಣ ಹೀರದ ಗೋಡೆಗೆ ಅನ್ವಯಿಸುವಂಥದು. ನಮ್ಮ ಗೋಡೆಗಳಿಗೆ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ 100ರಿಂದ 120 ಚದರ ಅಡಿ ಎಂದು ಹಿಡಿಯುವುದು ಸುರಕ್ಷಿತ. ಎರಡು ಕೋಟ್‌ಗೆ 774 ಚದರ ಅಡಿ, ಅಂದರೆ ಸುಮಾರು 7 ಲೀಟರ್. ನಾಲ್ಕು ಲೀಟರಿನ ಎರಡು ಡಬ್ಬಿ ತಂದರೆ ಮುಂದೆ ಕಲೆ ಮುಚ್ಚಲು ಸ್ವಲ್ಪ ಉಳಿಯುತ್ತದೆ. ಪ್ರೈಮರ್ ಒಂದು ಕೋಟ್‌ಗೆ 4 ಲೀಟರ್ ಸಾಕು. ಪುಟ್ಟಿಯನ್ನು ಇಡೀ ಗೋಡೆಗೆ ಎರಡು ಸಲ ಎಳೆಯುವುದಾದರೆ ಕಿಲೋಗೆ 12 ಚದರ ಅಡಿಯ ಅಂದಾಜಿನಲ್ಲಿ 32 ಕಿಲೋ ಬೇಕಾಗುತ್ತದೆ, 40 ಕಿಲೋದ ಒಂದು ಚೀಲ ತರಬೇಕು. ಹಳೆಯ ಬಣ್ಣ ಗಟ್ಟಿಯಾಗಿದ್ದು ಅಲ್ಲಲ್ಲಿ ಮಾತ್ರ ತೇಪೆ ಹಾಕುವುದಾದರೆ ಐದು ಕಿಲೋ ಸಾಕಾಗಬಹುದು.

ಗೋಡೆಯನ್ನು ಸಿದ್ಧಗೊಳಿಸುವುದು

ಕೋಣೆಯ ಸಾಮಾನನ್ನು ಹೊರಗೆ ಹಾಕಿ, ಹಾಕಲಾಗದ್ದನ್ನು ನಡುವಿಗೆ ಎಳೆದು ಮುಚ್ಚಬೇಕು. ನೆಲಕ್ಕೆ ಹಾಸಲು ಅಡಿಕೆ ಒಣಗಿಸುವ ಟರ್ಪಾಲಿಗಿಂತ ಒಳ್ಳೆಯ ಸಾಧನವಿಲ್ಲ. ಹಳೆಯ ಪತ್ರಿಕೆಗಳು ಒದ್ದೆಯಾಗಿ ನೆಲಕ್ಕೇ ಅಂಟಿಕೊಳ್ಳುತ್ತವೆ. ರೆಡ್ ಆಕ್ಸೈಡ್ ನೆಲವಿರುವ ಮನೆಯಲ್ಲಿ ಸುಣ್ಣದ ಹನಿ ಬಿದ್ದರೆ ಆಗಿಂದಾಗಲೇ ಒರೆಸಬೇಕು, ಒಣಗಿದರೆ ಆ ಬಿಳಿ ಚುಕ್ಕೆ ಸುಲಭಕ್ಕೆ ಹೋಗದು. ಸ್ವಿಚ್‌ಬೋರ್ಡಿನ ಮುಚ್ಚಳ ಬಿಚ್ಚುವ ಮುನ್ನ ಆ ಕೋಣೆಯ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಇಳಿಸಬೇಕು. ಬಿಚ್ಚದೆ ಬಳಿಯುವುದಾದರೆ ಮಾಸ್ಕಿಂಗ್ ಟೇಪ್ ಸುತ್ತಬೇಕು.

ಹಳೆಯ ಬಣ್ಣ ಹಿಡಿದುಕೊಂಡಿದೆಯೇ ಎಂದು ತಿಳಿಯಲು ಸೆಲ್ಲೋ ಟೇಪನ್ನು ಒತ್ತಿ ಅಂಟಿಸಿ ಒಮ್ಮೆಲೇ ಎಳೆಯಬೇಕು. ಟೇಪಿನಲ್ಲಿ ಬಣ್ಣದ ಹಾಳೆಯೋ ಬಿಳಿ ಹುಡಿಯೋ ಬಂದರೆ ಅದನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಏನನ್ನೂ ಬಳಿಯಬಾರದು. ಹಳೆಯ ಸುಣ್ಣದ ಮೇಲೆ ನೇರವಾಗಿ ಎಮಲ್ಷನ್ ಬಳಿಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಬಣ್ಣ ಸುಣ್ಣದ ಹುಡಿಗೆ ಅಂಟುತ್ತದೆ, ಗೋಡೆಗೆ ಅಂಟುವುದಿಲ್ಲ. ಕೆಲಸಕ್ಕೆ ಜನ ಇಟ್ಟಿದ್ದರೂ ಕೆರೆಯುವ ದಿನ ಮನೆಯವರು ಹತ್ತಿರ ನಿಲ್ಲುವುದು ಒಳ್ಳೆಯದು, ಏಕೆಂದರೆ ಮುಂದಿನ ಪದರ ಬಿದ್ದ ಮೇಲೆ ಕೆರೆದರೋ ಇಲ್ಲವೋ ಎಂದು ತಿಳಿಯುವ ದಾರಿ ಇಲ್ಲ.

ಮನೆಯಲ್ಲಿ ಹಳೆಯ ಎನಾಮೆಲ್ ಅಥವಾ ಎಣ್ಣೆ ಬಣ್ಣವಿದ್ದರೆ ಇನ್ನಷ್ಟು ಜಾಗ್ರತೆ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದಿರಬಹುದಾದ್ದರಿಂದ ಅದನ್ನು ಒಣಗಿದ್ದಂತೆ ಉಜ್ಜಿ ಹುಡಿ ಎಬ್ಬಿಸಬಾರದು. ಮೇಲ್ಮೈಯನ್ನು ಒದ್ದೆ ಮಾಡಿ ನೀರು ತಾಳುವ ಉಪ್ಪುಕಾಗದದಿಂದ ಉಜ್ಜಬೇಕು, ಮುಖಕ್ಕೆ ಎನ್95 ಮಾಸ್ಕ್ ಧರಿಸಬೇಕು, ಗರ್ಭಿಣಿಯರೂ ಚಿಕ್ಕ ಮಕ್ಕಳೂ ಆ ದಿನ ಮನೆಯಲ್ಲಿ ಇರಬಾರದು, ಕೆರೆದ ಚೂರುಗಳನ್ನು ತೆಂಗಿನ ಬುಡಕ್ಕೆ ಹಾಕಬಾರದು.

ಕಪಾಟಿನ ಹಿಂದೆ, ಮಂಚದ ತಲೆಯ ಬದಿಯಲ್ಲಿ, ಮೂಲೆಗಳಲ್ಲಿ ಕಾಣುವ ಕಪ್ಪು ಚುಕ್ಕೆ ಬೂಷ್ಟೋ ಕೊಳೆಯೋ ಎಂಬ ಸಂಶಯ ಬಂದರೆ ಅದಕ್ಕೆ ಒಂದು ಹನಿ ದ್ರವ ಬ್ಲೀಚ್ ಇಡಬೇಕು. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಮಾಸಿದರೆ ಅದು ಬೂಷ್ಟು. ಅದರ ಮೇಲೆಯೇ ಬಣ್ಣ ಬಳಿದರೆ ಮುಂದಿನ ಆಟಿಯಲ್ಲಿ (ಜಡಿಮಳೆಯ ತುಳು ತಿಂಗಳು) ಅದು ಮತ್ತೆ ಮೇಲೆ ಬರುವುದು ನಿಶ್ಚಿತ. ಒಂದು ಪಾಲು ಬ್ಲೀಚಿಗೆ ಮೂರು ಪಾಲು ನೀರು ಸೇರಿಸಿ ಹಚ್ಚಿ, ಕಾಲು ಗಂಟೆ ಬಿಟ್ಟು, ಬ್ರಷ್ಷಿನಿಂದ ತಿಕ್ಕಿ ತೊಳೆದು, ಎರಡು ಮೂರು ದಿನ ಚೆನ್ನಾಗಿ ಒಣಗಿಸಬೇಕು. ಕಿಟಕಿ ತೆರೆದಿರಬೇಕು, ಕೈಗೆ ಗ್ಲೌಸ್ ಇರಬೇಕು. ಬ್ಲೀಚಿನೊಂದಿಗೆ ಕಕ್ಕಸು ತೊಳೆಯುವ ಆ್ಯಸಿಡನ್ನಾಗಲಿ ಅಮೋನಿಯ ಇರುವ ದ್ರವವನ್ನಾಗಲಿ ಎಂದಿಗೂ ಬೆರೆಸಬಾರದು. ವಿಷದ ಅನಿಲ ಹುಟ್ಟುತ್ತದೆ.

ಅಡುಗೆಮನೆಯ ಎಣ್ಣೆಜಿಡ್ಡನ್ನು ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಿಂದ ತೊಳೆದು, ಮತ್ತೆ ಸಾದಾ ನೀರಿನಿಂದ ತೊಳೆಯಬೇಕು. ಹಿರಿಯರು ಒರಗಿ ಕುಳಿತುಕೊಳ್ಳುವಲ್ಲಿ ತಲೆಯ ತೆಂಗಿನೆಣ್ಣೆಯ ಗುರುತು ಬೀಳುತ್ತದಲ್ಲ, ಅದಕ್ಕೂ ಇದೇ ಉಪಚಾರ, ಇಲ್ಲದಿದ್ದರೆ ಅಷ್ಟು ಜಾಗ ಬಿಟ್ಟು ಉಳಿದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಕಟ್ಟಿಗೆಯ ಒಲೆಯ ಬಚ್ಚಲಿನ ಮಸಿ ನೀರು ಮೂಲದ ಬಣ್ಣದ ಮೂಲಕ ಕಂದಾಗಿ ಹೊರಸೂಸುವುದರಿಂದ ಅಲ್ಲಿ ಎಮಲ್ಷನ್ನಿನ ಹಟ ಬಿಟ್ಟು ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದೇ ಮೇಲು.

ಪುಟ್ಟಿಯಲ್ಲಿ ಎರಡು ಬಗೆ. ಬಿಳಿ ಸಿಮೆಂಟಿನ ಪುಟ್ಟಿ ಹುಡಿಯಾಗಿ ಚೀಲದಲ್ಲಿ ಬರುತ್ತದೆ, ನೀರು ಸೇರಿಸಿದ ಮೇಲೆ ಗಟ್ಟಿಯಾಗುತ್ತದೆ. ಆಕ್ರಿಲಿಕ್ ಪುಟ್ಟಿ ಡಬ್ಬಿಯಲ್ಲಿ ಕಲಸಿಯೇ ಬರುತ್ತದೆ, ಎಳೆಯಲು ಸುಲಭ, ಆದರೆ ತೇವಕ್ಕೆ ಮೆತ್ತಗಾಗುತ್ತದೆ. ಕರಾವಳಿಗೆ ಸಿಮೆಂಟಿನದ್ದೇ ಸರಿ. ಎರಡು ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿ, ಕೆಳಗಿನಿಂದ ಮೇಲಕ್ಕೆ ತೆಳುವಾಗಿ ಪಟ್ಟಿಯಿಂದ ಎಳೆಯಬೇಕು. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿಗಿಂತ ದಪ್ಪವಾಗಬಾರದು. ಆಳದ ಗುಂಡಿಗಳನ್ನು ಮೊದಲೇ ಸಿಮೆಂಟು ಗಾರೆಯಿಂದ ತುಂಬಬೇಕು, ಪುಟ್ಟಿ ಅದಕ್ಕೆ ಇರುವ ವಸ್ತು ಅಲ್ಲ. ಪೂರ್ತಿ ಒಣಗಿದ ಮೇಲೆ 180ರ, ಅನಂತರ 220ರ ಉಪ್ಪುಕಾಗದದಿಂದ ಉಜ್ಜಿ, ಗೋಡೆಗೆ ತಾಗಿಸಿ ಟಾರ್ಚ್ ಹಿಡಿದು ಉಬ್ಬುತಗ್ಗು ನೋಡಬೇಕು. ಹುಡಿಯನ್ನು ಒಣ ಬಟ್ಟೆಯಿಂದ ಒರೆಸಿದ ಮೇಲೆಯೇ ಪ್ರೈಮರ್. ನೀರು ಮೂಲದ ಪ್ರೈಮರ್ ಒಳಗೋಡೆಗೆ ಸಾಕು. ಅದನ್ನು ಬಿಟ್ಟು ನೇರ ಬಣ್ಣ ಬಳಿದರೆ ಪುಟ್ಟಿ ಒಂದೊಂದು ಕಡೆ ಒಂದೊಂದು ರೀತಿಯಲ್ಲಿ ಬಣ್ಣ ಹೀರಿ ಗೋಡೆ ಮಚ್ಚೆಮಚ್ಚೆಯಾಗುತ್ತದೆ.

ಬಳಿಯುವ ದಿನ

ಒಂದೇ ಬಣ್ಣದ ಎರಡು ಡಬ್ಬಿ ತಂದಿದ್ದರೆ ಎರಡನ್ನೂ ದೊಡ್ಡ ಬಕೆಟಿಗೆ ಸುರಿದು ಬೆರೆಸಿಕೊಳ್ಳಬೇಕು, ಏಕೆಂದರೆ ಅಂಗಡಿಯ ಯಂತ್ರದಲ್ಲಿ ಬೇರೆ ಬೇರೆಯಾಗಿ ಬೆರೆಸಿದ ಡಬ್ಬಿಗಳ ನಡುವೆ ಕಂಡೂ ಕಾಣದಂತಹ ವ್ಯತ್ಯಾಸವಿರುತ್ತದೆ. ನೀರು ಡಬ್ಬಿಯ ಮೇಲೆ ಹೇಳಿದಷ್ಟೇ. ಬಣ್ಣ ಹೆಚ್ಚು ದೂರ ಬರಲೆಂದು ನೀರು ಹೆಚ್ಚಿಸಿದರೆ ಮೂರನೆಯ ಕೋಟ್ ಬೇಕಾಗಿ ಉಳಿತಾಯವೆಲ್ಲ ಹೋಗುತ್ತದೆ.

ಮೊದಲು ಚಾವಣಿ, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಗೋಡೆಯ ಅಂಚು, ಮೂಲೆ, ಸ್ವಿಚ್ಚಿನ ಸುತ್ತ ಎರಡಿಂಚಿನ ಬ್ರಷ್ಷಿನಿಂದ ಮೂರು ಬೆರಳಗಲ ಬಳಿದುಕೊಂಡು, ಅದು ಹಸಿಯಿರುವಾಗಲೇ ಒಂಬತ್ತಿಂಚಿನ ರೋಲರಿನಿಂದ ಉಳಿದದ್ದನ್ನು ತುಂಬಬೇಕು. ರೋಲರನ್ನು ಬಣ್ಣದಲ್ಲಿ ಅದ್ದಿ, ತಟ್ಟೆಯ ಮೇಲೆ ಉರುಳಿಸಿ ಹೆಚ್ಚಿನದನ್ನು ಬಿಟ್ಟು, ಗೋಡೆಯ ಮೇಲೆ ಮೊದಲು ಓರೆಯಾಗಿ ಹರಡಿ, ಕೊನೆಗೆ ಮೇಲಿನಿಂದ ಕೆಳಕ್ಕೆ ಒತ್ತಡವಿಲ್ಲದೆ ಎಳೆಯಬೇಕು. ಒಂದು ಗೋಡೆ ಹಿಡಿದರೆ ಅದು ಮುಗಿಯುವವರೆಗೆ ನಿಲ್ಲಿಸಬಾರದು. ನಡುವೆ ಚಾ ಕುಡಿಯಲು ಹೋದರೆ ಒಣಗಿದ ಅಂಚಿನ ಮೇಲೆ ಹೊಸ ಬಣ್ಣ ಕೂತು ಶಾಶ್ವತವಾದ ಗೆರೆ ಉಳಿಯುತ್ತದೆ. ಇದೇ ಕಾರಣಕ್ಕೆ ಬಳಿಯುವಾಗ ಫ್ಯಾನ್ ಹಾಕಬಾರದು, ಗೋಡೆ ಮುಗಿದ ಮೇಲೆ ಹಾಕಬಹುದು. ಬೆಳಗ್ಗೆ ಎಂಟಕ್ಕೆ ತೊಡಗಿದರೆ ಮಧ್ಯಾಹ್ನದ ನಂತರ ಕಡಲ ಗಾಳಿ ತೇವ ಹೊತ್ತು ತರುವ ಮುನ್ನ ಒಂದು ಕೋಟ್ ಆರಿರುತ್ತದೆ. ಜನವರಿಯಲ್ಲಿ ನಾಲ್ಕೈದು ಗಂಟೆಯಲ್ಲಿ ಎರಡನೆಯ ಕೋಟ್ ಕೊಡಬಹುದಾದರೂ ಮರುದಿನದವರೆಗೆ ಬಿಡುವುದರಿಂದ ಲಾಭವೇ.

ಕಿಟಕಿಯ ಸರಳುಗಳ ವಿಷಯ ಬೇರೆ. ಕಡಲಿಗೆ ಹತ್ತಿರವಿರುವ ಉಳ್ಳಾಲ, ಸುರತ್ಕಲ್, ಮಲ್ಪೆಯಂತಹ ಊರುಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತಂತಿಯ ಬ್ರಷ್ಷಿನಿಂದ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸಿಹಿನೀರಿನಲ್ಲಿ ಒರೆಸಿ ಒಣಗಿಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ಒಂದು ರಾತ್ರಿ ಬಿಟ್ಟರೂ ಹೊಸ ತುಕ್ಕಿನ ತೆಳುಪದರ ಬರುತ್ತದೆ. ಸರಳು ಚೌಕಟ್ಟಿನೊಳಗೆ ಸೇರುವ ತೂತಿನ ಬಾಯಿಗೆ ಬಣ್ಣ ತಲುಪುವಂತೆ ಚಿಕ್ಕ ಬ್ರಷ್ ಬಳಸಬೇಕು, ತುಕ್ಕು ಮೊದಲು ತೊಡಗುವುದು ಅಲ್ಲಿಯೇ. ಮೇಲೆ ಎರಡು ಕೋಟ್ ಎನಾಮೆಲ್.

ಎತ್ತರದ ಮೆಟ್ಟಿಲುಗೋಡೆಗೆ, ಎರಡಂತಸ್ತಿನ ಚಾವಣಿಗೆ ಏಣಿ ಹತ್ತುವ ಸಾಹಸ ಮನೆಯವರಿಗೆ ಬೇಡ, ಅಷ್ಟಕ್ಕೆ ಕೆಲಸದವರನ್ನು ಕರೆಯುವುದು ಒಳ್ಳೆಯದು. ಅವರೊಂದಿಗೆ ಮಾತಾಡುವಾಗ ಚದರ ಅಡಿಯ ದರದ ಜೊತೆಗೆ ಕೆರೆಯುವುದು, ಪುಟ್ಟಿ ಎಷ್ಟು ಸಲ, ಪ್ರೈಮರ್, ಎಷ್ಟು ಕೋಟ್ ಎಂಬುದನ್ನೂ ಬರೆದು ಒಪ್ಪಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಕಪಾಟು, ಬೀರುಗಳನ್ನು ಗೋಡೆಯಿಂದ ನಾಲ್ಕಿಂಚಾದರೂ ಬಿಟ್ಟು ಇಡಬೇಕು. ಹೊರಗೋಡೆಗೆ ತಾಗಿದ ಕಪಾಟಿನ ಹಿಂದೆ ಗಾಳಿಯಾಡದೆ ಬೂಷ್ಟು ಬರುವುದು ಖಂಡಿತ. ಎಮಲ್ಷನ್ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕಾದ್ದರಿಂದ ಅಲ್ಲಿಯವರೆಗೆ ಗೋಡೆಯನ್ನು ನೀರಿನಿಂದ ಒರೆಸಬಾರದು. ಉಳಿದ ಬಣ್ಣವನ್ನು ತಗಡಿನ ಡಬ್ಬಿಯಲ್ಲೇ ಬಿಟ್ಟರೆ ನಮ್ಮ ಹವೆಗೆ ಮುಚ್ಚಳ ತುಕ್ಕು ಹಿಡಿದು ಬಣ್ಣಕ್ಕೆ ಬೀಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಗೆ ಕಂಠದವರೆಗೆ ತುಂಬಿ, ಕೋಣೆಯ ಹೆಸರು, ಬಣ್ಣದ ಸಂಕೇತ ಸಂಖ್ಯೆ, ಬಳಿದ ತಿಂಗಳು ಬರೆದ ಚೀಟಿ ಅಂಟಿಸಿ ಬಿಸಿಲು ಬೀಳದ ಕಡೆ ಇಡಬೇಕು. ಆಟಿಯ ಮುಂದಿನ ತುಳು ತಿಂಗಳಾದ ಸೋಣ ಮುಗಿದ ಮೇಲೆ ಗೋಡೆಯಲ್ಲಿ ಎಲ್ಲಾದರೂ ಹೊಸ ಕಲೆ ಮೂಡಿದ್ದರೆ ಅದರ ಸುತ್ತ ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಎಳೆದು ದಿನಾಂಕ ಬರೆದಿಟ್ಟರೆ, ಮುಂದಿನ ಮಳೆಗಾಲದಲ್ಲಿ ಅದು ಹರಡುತ್ತಿದೆಯೋ ನಿಂತಿದೆಯೋ ಎಂದು ತಿಳಿಯುತ್ತದೆ. ಹರಡುತ್ತಿದ್ದರೆ ಬಾಟಲಿಯ ಬಣ್ಣಕ್ಕೆ ಕೈ ಹಾಕದೆ ಮತ್ತೆ ಹೊರಗೋಡೆಯ ಬದಿಗೆ ಹೋಗಿ ನೋಡಬೇಕು.